ರುದ್ರಮ್ಮನ ಎಡ ಅಂಗೈ

ಸಹನಾ ಫೋನಿನಲ್ಲಿ ಕೇಳಿದ್ದು ಚಿಕ್ಕ ಪ್ರಶ್ನೆ. "ಮೇಡಂ, ಕೊಲಾಜೆನ್ನಿನ ಎರಡು ಸ್ಯಾಂಪಲ್ ಬಂದಿವೆ. ಎರಡರ ಕಾಗದಪತ್ರಾನೂ ಸರಿ ಇದೆ. ಯಾವುದನ್ನ ಇಟ್ಕೊಳ್ಳಲಿ?" ಶಿಕಾರಿಪುರದ ಅಂಚಿನಲ್ಲಿ ಶಾಂಪು, ಕ್ರೀಮು, ತಲೆಗೂದಲಿನ ಸೀರಮ್ಮು ಮಾಡುವ ಸಣ್ಣದೊಂದು ಕಾರ್ಖಾನೆಯಿದೆ. ಅಲ್ಲಿ ನಾನು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಸಹನಾ ಕೂರುತ್ತಾಳೆ. ಯಾವ ಮಾಲಿಗೆ ಏನು ಬೀಳಬೇಕು, ಎಷ್ಟು ಬೀಳಬೇಕು ಎಂದು ನಿರ್ಧರಿಸುವುದು ಆ ಕುರ್ಚಿಯ ಕೆಲಸ. ಇಪ್ಪತ್ತೇಳು ವರ್ಷ ಅದನ್ನೇ ಮಾಡಿದೆ. ನಿವೃತ್ತಳಾಗಿ ಎರಡು ವರ್ಷವಾಯಿತು.

ಅವಳ ಪ್ರಶ್ನೆಗೆ ಎರಡು ನಿಮಿಷದಲ್ಲಿ ಉತ್ತರ ಹೇಳಬಹುದಿತ್ತು. "ತಡಿ, ಆಮೇಲೆ ಹೇಳ್ತೀನಿ" ಎಂದು ಫೋನಿಟ್ಟೆ. ಆವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಸೊರಬದ ಮನೆಯಲ್ಲಿ ತೊಳೆದಿಟ್ಟ ಪಾತ್ರೆಯನ್ನೇ ಇನ್ನೊಮ್ಮೆ ತೊಳೆಯುತ್ತೇನೆ, ಮಡಚಿಟ್ಟ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಚುತ್ತೇನೆ. ನಮ್ಮ ಯಜಮಾನರು ಎರಡು ದಿನ ನೋಡಿದರು. ಮೂರನೆಯ ದಿನ, "ಎಂತ ಆಗಿದ್ದು ನಿಂಗೆ? ಒಂದ್ ಕಡೆ ಕೂತ್ಕ ಮಾರಾಯ್ತಿ, ನೋಡಿ ನೋಡಿ ನಂಗೇ ತಲೆ ತಿರುಗ್ತದೆ" ಎಂದು ರೇಗಿದರು. ಅದಕ್ಕೇ ಬರೆಯಲು ಕೂತಿದ್ದೇನೆ. ಕೈ ಬರೆಯುತ್ತಿದ್ದರೆ ಕಾಲಾದರೂ ಸುಮ್ಮನಿರುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಉಪಯೋಗವಾದರೆ ಆಗಲಿ. ನನಗೆ ಯಾವಾಗ ಬಡ್ತಿ ಬಂತು ಎಂಬುದರಿಂದ ನಿಮಗೆ ಆಗಬೇಕಾದ್ದೇನೂ ಇಲ್ಲ, ಅದನ್ನು ಬಿಟ್ಟೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಈಸೂರಿನ ರುದ್ರಮ್ಮ ಎಂಬವರು ನಮ್ಮಲ್ಲಿ ಡಬ್ಬಿ ತುಂಬುವ ಕೋಣೆಯ ಹಿರಿಯರಾಗಿದ್ದರು. ಅವರಿಗೆ ನಾನೊಂದು ತಪ್ಪು ಮಾಡಿದ್ದೇನೆ. ಸಹನಾಳ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ನೇರವಾಗಿ ಅಲ್ಲಿಗೆ ಹೋಗುವ ಧೈರ್ಯ ಬರುತ್ತಿಲ್ಲ, ಸ್ವಲ್ಪ ಸುತ್ತು ಹಾಕಿಕೊಂಡು ಬರುತ್ತೇನೆ.

ನಾನು ಸೇರಿದಾಗ ಕಾರ್ಖಾನೆ ಎಂದರೆ ಒಂದು ಹಳೆಯ ಅಕ್ಕಿ ಗಿರಣಿಯ ಶೆಡ್ಡು. ಎಷ್ಟು ಗುಡಿಸಿದರೂ ಮೂಲೆಯಲ್ಲಿ ತೌಡು ಸಿಗುತ್ತಿತ್ತು. ಮಾಲೀಕರು ಮಹೇಶ್ವರಪ್ಪನವರು. ಅವರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಆದರೆ ಮೂಗು ಭಾರಿ ಚುರುಕು. ನಾನು ಏನೇ ಮಾಡಿ ತೋರಿಸಿದರೂ ಮೊದಲು ಮೂಸುತ್ತಿದ್ದರು. ಮೂಗು ಒಪ್ಪಿದರೆ ಮುಂದಿನ ಮಾತು.

ಪ್ರೋಟೀನು ಅಂದರೆ ಏನು ಎಂದು ಅವರಿಗೆ ಹೇಗೆ ಹೇಳಿದೆನೋ ನಿಮಗೂ ಹಾಗೇ ಹೇಳುತ್ತೇನೆ. ಅದೊಂದು ಉದ್ದನೆಯ ಮಣಿಸರ. ಇಡೀ ಸರವನ್ನೇ ಕೂದಲಿಗೆ ಹಾಕಿದರೆ ನೀರಿನ ಜೊತೆ ಹೋಗಿಬಿಡುತ್ತದೆ. ಅದಕ್ಕೆ ಕಿಣ್ವವನ್ನೋ ಆಮ್ಲವನ್ನೋ ಹಾಕಿ ತುಂಡು ಮಾಡುತ್ತಾರೆ. ದೊಡ್ಡ ತುಂಡುಗಳು ಮೇಲೆ ತೆಳುವಾದ ಪೊರೆಯಾಗಿ ಕೂರುತ್ತವೆ. ಸಣ್ಣ ತುಂಡುಗಳು ಕೂದಲಿನೊಳಕ್ಕೆ ಸ್ವಲ್ಪ ಹೋಗುತ್ತವೆ. ಎಣಿಸಿ ಪೋಣಿಸಿದ ಕೆಲವೇ ಮಣಿಗಳಾದರೆ ಅದು ಪೆಪ್ಟೈಡು, ಅದನ್ನು ಮುಖದ ಕ್ರೀಮಿಗೆ ಹನಿ ಲೆಕ್ಕದಲ್ಲಿ ಹಾಕಬೇಕು. ಯಾವ ಪ್ರೋಟೀನು ಒಳ್ಳೆಯದು ಎಂದು ಕೇಳಬೇಡಿ. ಎಷ್ಟು ದೊಡ್ಡ ತುಂಡು, ಯಾರ ಕೂದಲಿಗೆ, ಯಾವ ನೀರಿನಲ್ಲಿ ತೊಳೆಯುವವರಿಗೆ ಎಂದು ಕೇಳಿ.

ಆ ನೀರಿನ ವಿಷಯವನ್ನು ನಾನು ಕಲಿತದ್ದು ಮಾನ ಕಳೆದುಕೊಂಡು. ನನ್ನ ಮೊದಲ ಸ್ವಂತ ಮಾಲು ಗೋಧಿ ಪ್ರೋಟೀನಿನ ಶಾಂಪು. ನನ್ನ ತಲೆಗೆ ಹಾಕಿ ನೋಡಿದೆ, ರೇಷ್ಮೆಯ ಹಾಗೆ ಜಾರಿತು. ಸೊರಬದಲ್ಲಿ ನಾಲ್ಕು ಮನೆಗೆ, ಶಿಕಾರಿಪುರ, ಈಸೂರಿನ ಕಡೆ ಹತ್ತು ಮನೆಗೆ ಬಾಟಲಿ ಕೊಟ್ಟು, ಎರಡು ವಾರ ಬಿಟ್ಟು ಅಭಿಪ್ರಾಯ ಬರೆಸಿಕೊಂಡೆ. ಹದಿನಾಲ್ಕೂ ಕಾಗದದಲ್ಲಿ ತುಂಬಾ ಚೆನ್ನಾಗಿದೆ ಎಂದಿತ್ತು. ನಾನು ಉಬ್ಬಿಹೋದೆ. ಮಾಲು ಅಂಗಡಿಗೆ ಹೋಯಿತು. ತಿಂಗಳೊಳಗೆ ಶಿಕಾರಿಪುರದ ಅಂಗಡಿಯವರು ಬಾಟಲಿಗಳನ್ನು ಹೊತ್ತುಕೊಂಡು ವಾಪಸ್ ಬಂದರು. ತಲೆ ತೊಳೆದರೆ ಕೂದಲು ತೆಂಗಿನ ನಾರಿನ ಹಾಗೆ ಆಗುತ್ತದಂತೆ, ಬಾಚಿದರೆ ಮುರಿಯುತ್ತದಂತೆ.

ನನಗೆ ತಲೆಬುಡ ತಿಳಿಯಲಿಲ್ಲ. ಆ ಹತ್ತು ಜನರ ಕಾಗದ ಹಿಡಿದುಕೊಂಡು ತುಂಬುವ ಕೋಣೆಗೆ ಹೋಗಿ, "ಇವರೆಲ್ಲ ಚೆನ್ನಾಗಿದೆ ಅಂತ ಬರೆದಿದ್ದಾರಲ್ಲ!" ಎಂದು ಕೂಗಾಡಿದೆ. ರುದ್ರಮ್ಮ ಆಗಷ್ಟೇ ಕೆಲಸಕ್ಕೆ ಸೇರಿದ್ದರು. ನನಗಿಂತ ಮೂರು ವರ್ಷಕ್ಕೆ ದೊಡ್ಡವರು. ಹಣೆ ತುಂಬ ವಿಭೂತಿ, ಸೆರಗು ಬಿಗಿಯಾಗಿ ಸಿಕ್ಕಿಸಿದ ಸೊಂಟ. ಎಲ್ಲರೂ ತಲೆ ತಗ್ಗಿಸಿ ನಿಂತಾಗ ಅವರೊಬ್ಬರೇ ಬಾಯಿ ಬಿಟ್ಟರು.

"ಅವ್ರ್ಯಾರೂ ಹಚ್ಚೇ ಇಲ್ರಿ ಮೇಡಮ್ಮಾರೆ."

"ಹಚ್ಚಿಲ್ಲ ಅಂದ್ರೆ?"

"ಬಾಟ್ಲಿ ಚೆಂದ ಐತೆ ಅಂತ ಎತ್ತಿಟ್ಟಾರೆ. ಮಗಳು ಮನೆಗೆ ಬಂದಾಗ ಕೊಡಾಕೆ. ನೀವು ಮನೆ ಮಟ ಬಂದು ಕೇಳಿದ್ರಿ, ಬ್ಯಾಸರ ಮಾಡಬಾರದು ಅಂತ ಚೊಲೋ ಐತೆ ಅಂತ ಬರೆದ್ರು. ಅಷ್ಟೇ."

ನಿಜವಾಗಿ ತಲೆಗೆ ಹಾಕಿಕೊಂಡವರು ನನ್ನ ಸೊರಬದ ನಾಲ್ಕು ಮನೆಯವರು ಮಾತ್ರ. ಸೊರಬದ ಬಾವಿ ನೀರು ಮೆದು. ಶಿಕಾರಿಪುರದ ಕಡೆಯ ಬೋರಿನ ನೀರು ಗಡಸು, ಪಾತ್ರೆಯ ಮೇಲೆ ಬಿಳಿ ಕಟ್ಟುತ್ತದೆ. ಆ ನೀರಿನ ಸುಣ್ಣವೂ ನಾನು ಧಾರಾಳವಾಗಿ ಸುರಿದಿದ್ದ ಪ್ರೋಟೀನೂ ಸೇರಿ ಕೂದಲಿನ ಮೇಲೆ ಪದರ ಕಟ್ಟಿದ್ದವು. "ನೀವು ನಿಮ್ಮೂರ ನೀರಿಗೆ ಮಾಡೀರಿ, ನಮ್ಮೂರ ನೀರಿಗೆ ಮಾಡಿಲ್ಲ" ಎಂದರು ರುದ್ರಮ್ಮ. ಕಾಲೇಜಿನಲ್ಲಿ ಯಾರೂ ನನಗೆ ಇಷ್ಟು ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಪ್ರೋಟೀನನ್ನು ಅರ್ಧಕ್ಕಿಂತ ಕಡಿಮೆ ಮಾಡಿ, ಗಡಸು ನೀರನ್ನು ಪಳಗಿಸುವ ವಸ್ತು ಸೇರಿಸಿ ಮತ್ತೆ ಮಾಡಿದೆ.

ಆವತ್ತು ರುದ್ರಮ್ಮ ಎಡಗೈ ಚಾಚಿ, "ಇನ್ಮ್ಯಾಲೆ ಏನೇ ಮಾಡಿದ್ರೂ ಮೊದ್ಲು ನನ್ನ ಕೈ ಮ್ಯಾಲೆ ಹಾಕ್ರಿ. ನಾನು ಸುಳ್ಳು ಹೇಳಂಗಿಲ್ಲ" ಎಂದರು.

ಅದೇ ನಮ್ಮ ಕಾರ್ಖಾನೆಯ ಪದ್ಧತಿಯಾಯಿತು. ಕಾನೂನಿನ ಪ್ರಕಾರ ಮಾಡುವ ಪರೀಕ್ಷೆಗಳು ಬೇರೆ, ಅವೆಲ್ಲ ಆಗುತ್ತಿದ್ದವು. ಆದರೆ ರುದ್ರಮ್ಮನ ಎಡ ಅಂಗೈ ಒಪ್ಪದೆ ಯಾವ ಮಾಲೂ ಬಾಗಿಲು ದಾಟುತ್ತಿರಲಿಲ್ಲ. ಬಲಗೈಯಲ್ಲಿ ಚಮಚವೋ ಬಟ್ಟೆಯೋ ಇರುತ್ತಿತ್ತು, ಆದ್ದರಿಂದ ಎಡಗೈ. ಕ್ರೀಮನ್ನು ಅಂಗೈಯಲ್ಲಿ ತಿಕ್ಕಿ, ಮುಚ್ಚಿ, ತೆರೆದು, "ಅಂಟ್ತೈತೆ", "ಒಣಾ ಒಣಾ ಅಂತೈತೆ", "ಇದು ಹೋಗ್ಲಿ ಬಿಡ್ರಿ" ಎನ್ನುತ್ತಿದ್ದರು. ಸಾವಿರ ಉಪಕರಣ ಬಂದವು ಆಮೇಲೆ. ಅಂಟನ್ನು ಅಳೆಯುವ ಯಂತ್ರ, ತೇವ ಅಳೆಯುವ ಯಂತ್ರ. ಬಹಳ ಸಲ ಅವೂ ಅವರು ಹೇಳಿದ್ದನ್ನೇ ಹೇಳಿದವು.

ಇನ್ನೊಂದು ಪ್ರಸಂಗ. ಕೆರಟಿನ್ ಎಂಬ ಪ್ರೋಟೀನು ತರಿಸಿದ್ದೆ. ಹಾಳಾದ ಕೂದಲಿಗೆ ಅದು ಒಳ್ಳೆಯದು, ಕೂದಲೇ ಅದರಿಂದ ಆದದ್ದು. ಆರು ವಾರ ಕೂತು ಸೀರಮ್ಮು ಸಿದ್ಧ ಮಾಡಿದೆ. ಮಹೇಶ್ವರಪ್ಪನವರು ಮೂಸಿದರು. ಮುಖ ಸಿಂಡರಿಸಿದರು.

"ಇದೇನ್ರಿ ವಿಮಲಾ ಅವ್ರೆ, ಕೋಳಿ ಪುಕ್ಕ ನೆನೆ ಹಾಕಿದಂಗೆ ನಾರ್ತೈತೆ?"

"ಕೋಳಿ ಪುಕ್ಕದಿಂದ ತೆಗೆದಿದ್ದೇ ಸರ್."

ಅವರು ಎರಡು ಹೆಜ್ಜೆ ಹಿಂದೆ ಸರಿದರು. ಕೆರಟಿನ್ನಿನ ಡ್ರಮ್ಮು ಅದೇ ದಿನ ಬಂದ ದಾರಿಗೆ ಹೋಯಿತು. ನನ್ನ ಆರು ವಾರದ ಕೆಲಸವೂ ಹೋಯಿತು. ನನಗೆ ಉರಿದುಹೋಯಿತು. ಉಣ್ಣೆಯಿಂದ ತೆಗೆದದ್ದೂ ಸಿಗುತ್ತದೆ, ಕುರಿ ಸಾಯಬೇಕಾಗಿಲ್ಲ, ಅದನ್ನಾದರೂ ತರಿಸೋಣ ಎಂದರೆ ಕೇಳಲಿಲ್ಲ. ಅವತ್ತು ನಾನು ಕಲಿಯಬಾರದ ಪಾಠವೊಂದನ್ನು ಕಲಿತೆ: ಕೇಳಿದ್ದಕ್ಕಿಂತ ಹೆಚ್ಚು ಹೇಳಬಾರದು ಎಂದು.

ನಾನು ಸೊರಬದ ರೈತರ ಮನೆಯವಳು. ನಮ್ಮ ಮನೆಯಲ್ಲಿ ಮೀನು ದಿನದ ಊಟ. ಕೆರೆಯ ಮೀನು ಸಿಕ್ಕರೆ ನನ್ನ ತಾಯಿಗೆ ಹಬ್ಬ. ಮೀನು ಮಾಂಸ ಮುಟ್ಟದ ರುದ್ರಮ್ಮನಿಗೆ ಇದು ಗೊತ್ತಿತ್ತು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದೆವು. ಅವರದು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ನನ್ನದು ಅಕ್ಕಿ ರೊಟ್ಟಿ, ಏನಾದರೊಂದು ಪಲ್ಯ. ಅಷ್ಟು ವರ್ಷದಲ್ಲಿ ಒಂದು ದಿನವೂ ನಾನು ಮೀನಿನ ಸಾರನ್ನು ಡಬ್ಬಿಗೆ ಹಾಕಿಕೊಂಡು ಹೋಗಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ನನಗೇ ಅದು ಸರಿಯೆನಿಸುತ್ತಿರಲಿಲ್ಲ. ಒಮ್ಮೆ ರುದ್ರಮ್ಮನೇ, "ನೀವು ತಿನ್ನೋದು ನೀವು ತಿನ್ರಿ, ನನಗೇನು ತ್ರಾಸ?" ಎಂದಿದ್ದರು. ಆದರೂ ತರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ನಾನು ಮಾಡಿದ್ದನ್ನು ಕೇಳುವಾಗ ಬೇಕಾಗುತ್ತದೆ.

ಪೆಪ್ಟೈಡು ಬಂದ ಕಾಲದ್ದೂ ಒಂದು ಹೇಳಿಬಿಡುತ್ತೇನೆ. ಇಲ್ಲ, ಸುತ್ತು ಜಾಸ್ತಿಯಾಗುತ್ತಿದೆ ಎಂದು ನನಗೇ ಗೊತ್ತು. ಆದರೆ ಇದು ಹೊಸಬರಿಗೆ ಬೇಕು. ತಾಮ್ರ ಸೇರಿಸಿದ ಒಂದು ಪೆಪ್ಟೈಡು ಇದೆ, ನೋಡಲು ಆಕಾಶನೀಲಿ. ಮಹೇಶ್ವರಪ್ಪನವರಿಗೆ ಬಣ್ಣ ಎಷ್ಟು ಹಿಡಿಸಿತೆಂದರೆ ಬಂದವರಿಗೆಲ್ಲ ತೋರಿಸಿದರು. ಮೂರನೆಯ ದಿನ ನೋಡಿದರೆ ಕ್ರೀಮಿನ ನೀಲಿ ಮಾಸಿಹೋಗಿದೆ. ಗಡಸು ನೀರಿಗೆಂದು ಶಾಂಪುವಿನಲ್ಲಿ ಹಾಕುತ್ತಿದ್ದ ಅದೇ ವಸ್ತುವನ್ನು ಅಭ್ಯಾಸಬಲದಿಂದ ಕ್ರೀಮಿಗೂ ಹಾಕಿದ್ದೆ. ನೀರಿನ ಲೋಹವನ್ನು ಹಿಡಿಯುವುದು ಅದರ ಕೆಲಸ. ಪೆಪ್ಟೈಡಿನ ತಾಮ್ರವನ್ನೂ ಹಿಡಿದುಕೊಂಡು ಕೂತಿತ್ತು. ಪೆಪ್ಟೈಡನ್ನು ಬಿಸಿಯಲ್ಲಿ ಹಾಕಬೇಡಿ, ಕ್ರೀಮು ಕೈ ಸುಡದಷ್ಟು ತಣಿದ ಮೇಲೆ ಹಾಕಿ. ಜೊತೆಯಲ್ಲಿ ಏನಿದೆ ಎಂದು ನೋಡಿ ಹಾಕಿ. ಪ್ರೋಟೀನು ಸೇರಿದ ಮಾಲು ಬೇಗ ಕೆಡುತ್ತದೆ, ಏಕೆಂದರೆ ಅದು ಸೂಕ್ಷ್ಮಜೀವಿಗೂ ಊಟ. ಕೆಡದಂತೆ ಇಡುವ ವಸ್ತುವಿನಲ್ಲಿ ಜಿಪುಣತನ ಮಾಡಬೇಡಿ. ಆಯಿತು, ಪಾಠ ಮುಗಿಯಿತು.

ಈಗ ಕೊಲಾಜೆನ್ನು.

ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಬರೆಯಲೇಬೇಕು.

ದೂರದ ಊರಿನ ಒಂದು ಕಂಪನಿಯವರು ತಮ್ಮ ಹೆಸರಿನಲ್ಲಿ ಮಾರಲು ನಮ್ಮಿಂದ ಕ್ರೀಮು ಮಾಡಿಸುತ್ತಿದ್ದರು. ಕೊಲಾಜೆನ್ ಕ್ರೀಮೇ ಬೇಕು ಎಂದು ಹಟ ಹಿಡಿದರು. ಕೊಲಾಜೆನ್ನು ನಮ್ಮ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಪ್ರೋಟೀನು. ವಯಸ್ಸಾದಂತೆ ಕಡಿಮೆಯಾಗುತ್ತದೆ, ಚರ್ಮ ಸಡಿಲವಾಗುತ್ತದೆ. ಹಾಗಾದರೆ ಮೇಲಿಂದ ಹಚ್ಚಿದರೆ ತುಂಬಿಕೊಳ್ಳುತ್ತದೆಯೆ? ಇಲ್ಲ. ಆ ತುಂಡುಗಳು ಚರ್ಮದ ಮೇಲೆ ಕೂತು ತೇವವನ್ನು ಹಿಡಿದಿಡುತ್ತವೆ, ಅಷ್ಟೆ. ಆ ಕೆಲಸವನ್ನು ಅಕ್ಕಿಯ ಪ್ರೋಟೀನೂ ಮಾಡುತ್ತದೆ. ಇನ್ನೊಂದು ಮಾತು. ಕೊಲಾಜೆನ್ನು ಇರುವುದು ಪ್ರಾಣಿಗಳ ಮೈಯಲ್ಲಿ, ಯಾವ ಗಿಡದಲ್ಲೂ ಇಲ್ಲ. ದನದ ಚರ್ಮ, ಹಂದಿಯ ಚರ್ಮ, ಮೀನಿನ ಚರ್ಮ ಮತ್ತು ಹುರುಪೆಯಿಂದ ತೆಗೆಯುತ್ತಾರೆ. ಗಿಡದ ಕೊಲಾಜೆನ್ನು ಎಂದು ಯಾರಾದರೂ ಮಾರಲು ಬಂದರೆ ಅದು ಬೇರೆ ಏನೋ, ಕೇಳಿ ತಿಳಿದುಕೊಳ್ಳಿ.

ಇವೆಲ್ಲ ನನಗೆ ಗೊತ್ತಿತ್ತು. ಮೀನಿನದನ್ನು ಆರಿಸಿದೆ. ವಾಸನೆ ಕಡಿಮೆ, ತುಂಡಿನ ಅಳತೆ ಸರಿ, ಕ್ರೀಮಿನಲ್ಲಿ ಚೆನ್ನಾಗಿ ಬೆರೆಯಿತು. ಮಹೇಶ್ವರಪ್ಪನವರಿಗೂ ಮುಚ್ಚಿಡಲಿಲ್ಲ. ಕೋಳಿ ಪುಕ್ಕಕ್ಕೆ ಹಿಂದೆ ಸರಿದಿದ್ದ ಮನುಷ್ಯ ಈ ಸಲ ಸರಿಯಲಿಲ್ಲ. "ಲೇಬಲ್ಲು ಅವರ್ದು, ಪ್ರಾಣಿದು ಐತೆ ಅಂತ ತೋರ್ಸೋ ಕಂದು ಚುಕ್ಕಿನೂ ಅದ್ರ ಮ್ಯಾಲೆ ಅವ್ರೇ ಹಾಕ್ತಾರೆ. ನಾವು ಬರೀ ಡಬ್ಬಿ ತುಂಬಿ ಕಳ್ಸೋದು. ನಮ್ ಹೆಣ್ಮಕ್ಳಿಗೆ ಹೇಳಾಕೆ ಹೋಗ್ಬ್ಯಾಡ್ರಿ. ಕೈ ಹಾಕಂಗಿಲ್ಲ ಅಂತ ಕೂತ್ರೆ ತುಂಬೋರ್ಯಾರು?" ಎಂದರು. ಹೇಳಬೇಡಿ ಎಂದದ್ದು ಅವರು. ಹೇಳದೆ ಇದ್ದದ್ದು ನಾನು. ಇದನ್ನು ಅವರ ತಲೆಗೆ ಕಟ್ಟಿ ನಾನು ಪಾರಾಗಲಾರೆ.

ಮೊದಲ ಮಾಲು ತಣಿದ ದಿನ ರುದ್ರಮ್ಮ ಎಂದಿನಂತೆ ಬಂದು ಎಡಗೈ ಚಾಚಿದರು.

"ಏನ್ ಹಾಕೀರಿ ಇದ್ರಾಗೆ, ಇಷ್ಟು ಮೆತ್ತಗೈತೆ?"

"ಪ್ರೋಟೀನು ರುದ್ರಮ್ಮ."

"ಹಂಗಾ" ಎಂದು ಅಂಗೈಯಲ್ಲಿ ತಿಕ್ಕಿಕೊಂಡರು. "ಚೊಲೋ ಐತ್ರಿ. ಕಳಸ್ರಿ."

ನಾನು ಹೇಳಿದ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ಮೀನನ್ನು ಅಷ್ಟು ತುಂಡು ಮಾಡಿ, ಬೇಯಿಸಿ, ಸೋಸಿ, ಒಣಗಿಸಿದ ಮೇಲೆ ಅದರಲ್ಲಿ ಮೀನೆಂಬುದು ಏನು ಉಳಿದಿದೆ ಎಂದು ನನಗೆ ನಾನೇ ವಾದ ಹೂಡಿದೆ. ಬಸ್ಸಿನಲ್ಲಿ ಶಿರಾಳಕೊಪ್ಪ ದಾಟಿ ಸೊರಬ ಮುಟ್ಟುವವರೆಗೂ ವಾದವೇ. ಅದೇ ವಾದದಿಂದ ಮೀನಿನ ಸಾರನ್ನೂ ಡಬ್ಬಿಯಲ್ಲಿ ಒಯ್ಯಬಹುದಿತ್ತಲ್ಲ, ಯಾಕೆ ಒಯ್ಯಲಿಲ್ಲ? ಎಂಟು ತಿಂಗಳು ಹೀಗೇ ಕಳೆಯಿತು.

ಚಳಿಗಾಲ ಬಂತು. ಒಂದು ಬೆಳಿಗ್ಗೆ ನಾನು ಬಾಗಿಲು ತೆರೆಯುವಷ್ಟರಲ್ಲಿ ರುದ್ರಮ್ಮ ಕಾಯುತ್ತಿದ್ದರು. ಮುಖ ಅರಳಿತ್ತು. ನನ್ನ ಮುಂದೆ ಎಡ ಅಂಗೈ ಬಿಡಿಸಿದರು.

"ನೋಡ್ರಿ ಮೇಡಮ್ಮಾರೆ. ವರ್ಷಾ ಚಳಿಗೆ ಇದು ಒಡೆದು ಚಿಂದಿ ಆಗ್ತಿತ್ತು. ಲಿಂಗ ಇಟ್ಕೊಂಡು ನೀರು ಹಾಕಿದ್ರೆ ಚುರು ಚುರು ಉರೀತಿತ್ತು, ಪೂಜಿ ಮ್ಯಾಲೆ ಮನಸ್ಸೇ ನಿಲ್ತಿರ್ಲಿಲ್ಲ. ಈ ಸಲ ನೋಡ್ರಿ, ಒಂದು ಬಿರುಕಿಲ್ಲ! ಡಬ್ಬಿ ತಳದಾಗೆ ಉಳಿದಿದ್ದನ್ನ ಮನಿಗೆ ಒಯ್ದು ದಿನಾ ಹಚ್ಕೊಂಡೆ. ನಿಮ್ ಹೊಟ್ಟಿ ತಣ್ಣಗಿರ್ಲಿ."

ಅವರ ಕೊರಳಿನಲ್ಲಿ ಬೆಳ್ಳಿಯ ಕರಡಿಗೆ ಇರುತ್ತಿತ್ತು, ಅದರೊಳಗೆ ಇಷ್ಟಲಿಂಗ. ಪ್ರತಿದಿನ ಮಿಂದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿಯೇ ಅವರು ಒಂದು ಗುಟುಕು ನೀರು ಕುಡಿಯುವುದು. ಇದು ನನಗೆ ಗೊತ್ತಿರಲಿಲ್ಲವೆ? ಅಷ್ಟು ವರ್ಷ ಒಟ್ಟಿಗೆ ಉಂಡವಳಿಗೆ ಗೊತ್ತಿತ್ತು. ಆದರೆ ಆ ಅಂಗೈಯನ್ನೂ ಈ ಅಂಗೈಯನ್ನೂ ನಾನು ಒಂದೇ ಎಂದು ನೋಡಿರಲೇ ಇಲ್ಲ. ನನಗೆ ಅದು ಕ್ರೀಮು ಪರೀಕ್ಷೆ ಮಾಡುವ ಕೈ, ಅಷ್ಟೆ.

ಆಗಲಾದರೂ ಹೇಳಿದೆನೆ? ಇಲ್ಲ. ನಾಚಿಕೆಯಾಗುತ್ತದೆ ಬರೆಯಲು. ನಾನು ಮಾಡಿದ್ದು ಇನ್ನೂ ಹೇಡಿತನದ ಕೆಲಸ. ಗುಟ್ಟಾಗಿ ಮೀನಿನದನ್ನು ತೆಗೆದು ಅಕ್ಕಿ ಪ್ರೋಟೀನು ಹಾಕಿ ಒಂದು ಚಿಕ್ಕ ಪಾತ್ರೆ ಕ್ರೀಮು ಮಾಡಿದೆ. "ರುದ್ರಮ್ಮ, ಮನೆಗೆ ಒಯ್ಯಲಿಕ್ಕೆ ಇದನ್ನ ತಗೊಳ್ಳಿ, ಹೊಸದು" ಎಂದು ಡಬ್ಬಿ ಕೊಟ್ಟೆ. ಮಾಡಿದ್ದೆಲ್ಲ ಹೀಗೇ ಅಳಿಸಿಹೋಗುತ್ತದೆ ಎಂದುಕೊಂಡೆ. ಯಂತ್ರಕ್ಕೆ ಇಟ್ಟು ನೋಡಿದ್ದೆ, ಎರಡರಲ್ಲೂ ತೇವ ಹೆಚ್ಚುಕಡಿಮೆ ಒಂದೇ. ಬೇಕಾಗಿಲ್ಲದ ಮೀನನ್ನು ಹೆಸರಿಗೋಸ್ಕರ ಹಾಕಿದ್ದೆನಲ್ಲ ಎಂದು ಇನ್ನಷ್ಟು ಉರಿಯಿತು.

ರುದ್ರಮ್ಮ ಡಬ್ಬಿ ತೆರೆದರು. ಬೆರಳಲ್ಲಿ ತೆಗೆದು ಅಂಗೈಗೆ ತಿಕ್ಕಿದರು. ಮುಚ್ಚಿದರು. ತೆರೆದರು. ನನ್ನ ಮುಖ ನೋಡಿದರು.

"ಇದು ಬ್ಯಾರೆ ಐತೆ."

"ಹೌದು, ಅಕ್ಕಿದು. ಅಕ್ಕಿಯ ಪ್ರೋಟೀನು."

"ಇದು ಅಕ್ಕಿದು ಅಂತ ಹೇಳಿದ್ರಿ. ಹಿಂದಿಂದು ಯಾತರದ್ದು ಅಂತ ಹೇಳ್ಲಿಲ್ಲ ನೀವು."

ಅವರು ಕಾದರು. ಪಕ್ಕದ ಕೋಣೆಯಲ್ಲಿ ಕಲಸುವ ಯಂತ್ರ ಸುತ್ತುತ್ತಿತ್ತು.

"ಮೀನಿನ ಚರ್ಮದ್ದು ರುದ್ರಮ್ಮ."

ಅವರು ಎದ್ದು ನಲ್ಲಿಯ ಹತ್ತಿರ ಹೋಗಿ ಎಡಗೈಯನ್ನು ನೀರಿನ ಕೆಳಗೆ ಹಿಡಿದರು. ಬಹಳ ಹೊತ್ತು ಹಿಡಿದರು. ನಾನು ಹಿಂದೆ ನಿಂತು ಏನೇನೋ ಹೇಳಿದೆ. ತುಂಡು ಮಾಡುತ್ತಾರೆ, ಸೋಸುತ್ತಾರೆ, ಮೀನಿನ ಅಂಶ ಉಳಿಯುವುದಿಲ್ಲ ಎಂದೆಲ್ಲ. ಅವರು ನಲ್ಲಿ ನಿಲ್ಲಿಸಿ ತಿರುಗಿದರು.

"ಮೀನು ಹಚ್ಚಿದ್ದನ್ನ ತೊಳ್ಕೊಂಡೆ ಮೇಡಮ್ಮಾರೆ. ಎಂಟು ತಿಂಗಳು ನನ್ ಮಕ ನೋಡಿ ಪ್ರೋಟೀನು ಪ್ರೋಟೀನು ಅಂದ್ರಲ್ಲ, ಅದನ್ನ ಎಲ್ಲಿ ತೊಳೀಲಿ?"

ಮಾರನೆಯ ದಿನ ಅವರು ಕೆಲಸಕ್ಕೆ ಬಂದರು. ಅದೇ ನನಗೆ ಹೆಚ್ಚು ಕಷ್ಟವಾಯಿತು. ನಾನು ಮಹೇಶ್ವರಪ್ಪನವರ ಮುಂದೆ ನಿಂತು, ಇನ್ನು ಮೀನಿನದು ಬೇಡ, ಬೇಕೆಂದರೆ ನನ್ನನ್ನು ಬಿಟ್ಟುಬಿಡಿ ಎಂದೆ. ಅವರು ಹಾರಾಡಿದರು, ಆಮೇಲೆ ಒಪ್ಪಿದರು. ಆ ಕಂಪನಿಯವರು ಬೇರೆ ಕಡೆ ಹೋದರು. ನಾನು ಕೋಣೆಯ ಎಲ್ಲ ಹೆಂಗಸರನ್ನೂ ಕರೆದು ಆಗಿದ್ದನ್ನು ಬಾಯಿಬಿಟ್ಟು ಹೇಳಿದೆ. ಕೆಲವರು ಏನೂ ಅನ್ನಲಿಲ್ಲ, ಅವರ ಮನೆಯಲ್ಲೂ ಮೀನು ಮಾಡುತ್ತಾರೆ. ಇಬ್ಬರು ಒಂದು ವಾರ ಬರಲಿಲ್ಲ.

ರುದ್ರಮ್ಮ ಆಮೇಲೆ ಇನ್ನೂ ನಾಲ್ಕು ವರ್ಷ ಕೆಲಸದಲ್ಲಿದ್ದರು. ಹೊಸ ಮಾಲು ಬಂದಾಗ ಆಗಲೂ ಅವರನ್ನೇ ಕರೆಯುತ್ತಿದ್ದೆ. ಬಂದು ನಿಂತು, "ಮೊದ್ಲು ನಿಮ್ಮ ಕೈ" ಎನ್ನುತ್ತಿದ್ದರು. ನನ್ನ ಅಂಗೈಗೆ ಹಚ್ಚಿಕೊಂಡು, ಅದರಲ್ಲಿರುವ ಪ್ರತಿಯೊಂದನ್ನೂ ಎಲ್ಲಿಂದ ಬಂತೆಂದು ಹೇಳುತ್ತಿದ್ದೆ. ಅವರು ಬಲಗೈಯ ಬೆರಳಿನಿಂದ ನನ್ನ ಕೈ ಮೇಲಿನದನ್ನು ಮುಟ್ಟಿ ನೋಡಿ, "ಹೂಂ" ಎನ್ನುತ್ತಿದ್ದರು. ಎಡಗೈ ಮತ್ತೆ ಚಾಚಲಿಲ್ಲ. ಮಧ್ಯಾಹ್ನ ಒಟ್ಟಿಗೇ ಉಣ್ಣುತ್ತಿದ್ದೆವು, ರೊಟ್ಟಿ ಕೊಟ್ಟು ತೆಗೆದುಕೊಳ್ಳುತ್ತಿದ್ದೆವು. ಅದರಲ್ಲಿ ವ್ಯತ್ಯಾಸ ಮಾಡಲಿಲ್ಲ ಅವರು. ಮಾಡಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಇಷ್ಟು ಬರೆದು ಮೂರು ದಿನ ಬಿಟ್ಟೆ. ಸಹನಾ ಮತ್ತೆ ಫೋನ್ ಮಾಡಿದಳು. ತಡೆಯಲಾಗಲಿಲ್ಲ. ಬಸ್ಸು ಹತ್ತಿ ಶಿಕಾರಿಪುರಕ್ಕೆ ಹೋದೆ. ಕಾರ್ಖಾನೆಯಲ್ಲಿ ಎರಡೂ ಸ್ಯಾಂಪಲ್ಲಿನ ಕಾಗದ ನೋಡಿದೆ. ಒಂದು ಮೀನಿನದು, ಇನ್ನೊಂದು ದನದ್ದು. ಸಹನಾಳ ಪಟ್ಟಿಯಲ್ಲಿ ತುಂಡಿನ ಅಳತೆ, ವಾಸನೆ, ಬಣ್ಣ ಎಲ್ಲ ಇತ್ತು. ಮೂಲ ಯಾವುದು ಎಂಬ ಜಾಗ ಖಾಲಿಯಿತ್ತು. ಆ ಪಟ್ಟಿಯ ನಮೂನೆ ಮಾಡಿದವಳು ನಾನೇ. ಮೂಲದ ಜಾಗವನ್ನು ಎಲ್ಲಕ್ಕಿಂತ ಕೆಳಗೆ ಇಟ್ಟವಳೂ ನಾನೇ. ರುದ್ರಮ್ಮನ ಪ್ರಸಂಗವಾದ ಮೇಲೆ ಎಲ್ಲವನ್ನೂ ಬಾಯಲ್ಲಿ ಹೇಳುತ್ತಿದ್ದೆ, ಕಾಗದವನ್ನು ತಿದ್ದಲಿಲ್ಲ. "ಇವತ್ತು ಸಂಜೆ ಹೇಳ್ತೀನಿ" ಎಂದು, ಅಕ್ಕಿ ಪ್ರೋಟೀನಿನ ಕ್ರೀಮಿನ ಒಂದು ಡಬ್ಬಿ ಕೇಳಿ ಪಡೆದು ಈಸೂರಿನ ದಾರಿ ಹಿಡಿದೆ.

ರುದ್ರಮ್ಮ ಮನೆಯ ಮುಂದೆ ಗೋಣಿಚೀಲ ಹಾಸಿಕೊಂಡು ಮೆಕ್ಕೆಜೋಳ ಬಿಡಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ನಿಂತರು, ಒಳಗಿನಿಂದ ಚಾಪೆ ತರಿಸಿದರು, ನೀರು ಕೊಟ್ಟರು.

"ಯಾಕ್ ಬಂದ್ರಿ ಇಷ್ಟು ದೂರ?"

"ಸುಮ್ಮನೆ ರುದ್ರಮ್ಮ."

"ಸುಮ್ನೆ ಬರೋರಲ್ಲ ನೀವು."

ನಾನೂ ಒಂದು ತೆನೆ ಕೈಗೆತ್ತಿಕೊಂಡೆ. ಬಿಡಿಸುತ್ತಾ ಎಲ್ಲ ಹೇಳಿದೆ. ಆ ಹುಡುಗಿ ಕೇಳಿದ ಪ್ರಶ್ನೆ, ನನ್ನ ಕೈಲಿ ಉತ್ತರ ಹೊರಡದೆ ಇದ್ದದ್ದು, ಈ ಬರಹ ಎಲ್ಲ. ಅವರು ತೆನೆ ಬಿಡಿಸುತ್ತಲೇ ಕೇಳಿದರು.

"ಅವಾಗ್ಲೇ ನಮ್ಮ ಮಠದ ಅಯ್ಯನೋರ್ನ ಕೇಳ್ದೆ" ಎಂದರು ಕೊನೆಗೆ. "ಗೊತ್ತಿಲ್ದಂಗೆ ಆಗಿದ್ದು, ಕೈ ತೊಳ್ಕೊಂಡು ಪೂಜಿ ಮಾಡವ್ವ ಅಂದ್ರು. ನಂದು ಅವತ್ತೇ ಮುಗೀತು. ಗೊತ್ತಿದ್ದು ಮಾಡಿದೋರಿಗೆ ಏನು ಅಂತ ನಾನು ಕೇಳ್ಲಿಲ್ಲ. ಅದು ನೀವು ಕೇಳ್ಬೇಕಾಗಿದ್ದು."

ಯಾರನ್ನು ಕೇಳಲಿ? ಅವರನ್ನು ಬಿಟ್ಟು ಬೇರೆ ಯಾರನ್ನು ಕೇಳಬೇಕಿತ್ತು ನಾನು?

"ಆ ಹುಡುಗಿಗೆ ಏನು ಹೇಳಲಿ ರುದ್ರಮ್ಮ?"

"ಏನಾರ ಹಾಕ್ಕೊಳ್ಲಿ. ಏನು ಹಾಕೀನಿ ಅಂತ ತುಂಬೋರ ಮುಂದೆ ಬಾಯಿಬಿಟ್ಟು ಹೇಳಿ ಹಾಕ್ಲಿ. ಆಮ್ಯಾಲೆ ಮುಟ್ಟೋದು ಬಿಡೋದು ಅವ್ರಿಗೆ ಬಿಟ್ಟಿದ್ದು."

ಅಲ್ಲೇ ಕೂತು ಸಹನಾಳಿಗೆ ಫೋನ್ ಮಾಡಿ ಆ ಮಾತನ್ನೇ ಹೇಳಿದೆ, ಮೂಲದ ಜಾಗವನ್ನು ಪಟ್ಟಿಯ ತಲೆಗೆ ತರಲೂ ಹೇಳಿದೆ. ಫೋನಿಟ್ಟಾಗ ರುದ್ರಮ್ಮನ ಕಣ್ಣು ನನ್ನ ಚೀಲದಲ್ಲಿದ್ದ ಡಬ್ಬಿಯ ಮೇಲಿತ್ತು.

"ಏನೈತೆ ಅದ್ರಾಗೆ?"

ಒಂದೊಂದನ್ನೇ ಹೇಳಿದೆ. ನೀರು. ತೆಂಗಿನೆಣ್ಣೆಯಿಂದ ಮಾಡಿದ ಮೇಣದಂಥದ್ದು. ಗ್ಲಿಸರಿನ್, ಅದೂ ಎಣ್ಣೆಯಿಂದಲೇ ಬಂದದ್ದು. ಅಕ್ಕಿಯ ಪ್ರೋಟೀನು. ಕೆಡದಿರಲಿ ಎಂದು ಒಂದು ಔಷಧ, ಅದು ಕಾರ್ಖಾನೆಯಲ್ಲಿ ಮಾಡಿದ್ದು. ಇನ್ನೇನೂ ಇಲ್ಲ.

ಡಬ್ಬಿ ತೆರೆದು ಮೊದಲು ನನ್ನ ಅಂಗೈಗೆ ಹಚ್ಚಿಕೊಂಡು ತೋರಿಸಿದೆ. ಅವರು ನೋಡಿದರು. ಸೀರೆಗೆ ಎರಡೂ ಕೈ ಒರೆಸಿಕೊಂಡರು. ಸುಳ್ಳೇಕೆ ಹೇಳಲಿ, ನಾನು ಆ ಎಡಗೈಯನ್ನೇ ನೋಡುತ್ತಿದ್ದೆ. ಅದರ ಬಿರುಕುಗಳೆಲ್ಲ ಮತ್ತೆ ತೆರೆದುಕೊಂಡಿದ್ದವು.

ರುದ್ರಮ್ಮ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಬಲಗೈ ಚಾಚಿದರು.

"ಹಾಕ್ರಿ, ನೋಡೂಣು" ಎಂದರು.